ಬಿ.ಕಾಂ. ಓದುವವರಿಗೆ ನೈಸರ್ಗಿಕ ವಿಕೋಪದ ಕೋರ್ಸ್ ಯಾಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಬಿ.ಕಾಂ. ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರಿಗೆ ಬೇರೆ ವಿಭಾಗದ ಒಂದು ವಿಷಯ ಆರಿಸಿಕೊಳ್ಳಬೇಕು. ಭೂಗೋಳ ವಿಭಾಗದವರು ‘ನೈಸರ್ಗಿಕ ವಿಕೋಪಗಳು: ಪರಿಚಯ’ ಅನ್ನುವ ಕೋರ್ಸ್ ಕೊಡುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ವಿಜ್ಞಾನದ ಪುಸ್ತಕ ಮುಟ್ಟಿಲ್ಲ. ‘ದಿನಾ ನ್ಯೂಸ್ ನೋಡಿದ್ರೆ ಸಾಕು, ಸುಲಭದ ಸಬ್ಜೆಕ್ಟ್’ ಎಂದು ಗೆಳತಿಯರು ಹೇಳುತ್ತಾರೆ. ‘ಬ್ಯಾಂಕ್ ಪರೀಕ್ಷೆ ಬರೆಯೋಳಿಗೆ ಭೂಕಂಪ ಯಾಕೆ’ ಎಂದು ಅಣ್ಣ ನಗುತ್ತಾನೆ. ಇದರಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಗಣಿತ ಜಾಸ್ತಿ ಇರುತ್ತದೆಯೇ? ತಗೊಳ್ಳಬಹುದೇ, ಸರ್?

ಉತ್ತರ: ತಗೊಳ್ಳಿ. ಗೆಳತಿಯರ ಮಾತು ಕೇಳಿ ಸುಲಭ ಅಂದುಕೊಂಡು ಮಾತ್ರ ತಗೊಳ್ಳಬೇಡಿ. ನಾನು ವರ್ಷಗಟ್ಟಲೆ ಭೂವಿಜ್ಞಾನ ಪಾಠ ಮಾಡಿದವನು. ಕಲಾ ಮತ್ತು ವಾಣಿಜ್ಯ ವಿಭಾಗದ ಮಕ್ಕಳು ಈ ಕೋರ್ಸಿಗೆ ಬಂದಾಗ ಎಲ್ಲಿ ಎಡವುತ್ತಾರೆ ಎಂದು ಬಲ್ಲೆ. ಕಲ್ಲು, ಮಣ್ಣು, ಗಾಳಿಯ ಪಾಠದಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ. ಎಡವುವುದು ಸಂಭವದ ಲೆಕ್ಕದಲ್ಲಿ. ‘ಇದು ಎಷ್ಟು ಸಲ ಆಗಬಹುದು, ಆದರೆ ಎಷ್ಟು ನಷ್ಟ, ಆ ನಷ್ಟ ಯಾರ ತಲೆಗೆ’ ಎಂಬ ಮೂರು ಪ್ರಶ್ನೆ ಇಡೀ ಕೋರ್ಸಿನ ಬೆನ್ನೆಲುಬು. ಅಲ್ಲಿ ವಿಜ್ಞಾನದವರಿಗಿಂತ ನಿಮಗೇ ಅನುಕೂಲ. ಬಡ್ಡಿ, ಸರಾಸರಿ, ಪ್ರೀಮಿಯಂ ಇವೆಲ್ಲ ನಿಮಗೆ ಈಗಾಗಲೇ ಪರಿಚಯ ಇವೆ.

ಹೆಸರು ಕೊಡುವ ಮೊದಲು ಸಿಲಬಸ್ ತರಿಸಿಕೊಂಡು ಓದಿ. ನಮ್ಮ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೋರ್ಸ್ ನಡೆಯುತ್ತವೆ. ಒಂದರಲ್ಲಿ ಭೂಕಂಪ, ನೆರೆ, ಚಂಡಮಾರುತ ಹೇಗೆ ಹುಟ್ಟುತ್ತವೆ ಎಂದು ಕಲಿಸುತ್ತಾರೆ. ಇನ್ನೊಂದು ವಿಪತ್ತು ನಿರ್ವಹಣೆ. ಅದರಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ, ಪ್ರಾಧಿಕಾರಗಳು, ಜಿಲ್ಲಾಧಿಕಾರಿಯ ಹೊಣೆ, ಪರಿಹಾರ ನಿಧಿ, ಅಣಕು ಕಾರ್ಯಾಚರಣೆ ಬರುತ್ತವೆ. ಎರಡೂ ಬೇಕಾದವೇ. ಆದರೆ ಎರಡನೆಯದನ್ನು ಸಮಿತಿಗಳ ಪಟ್ಟಿ ಓದಿಸಿ ಮುಗಿಸುವ ಕಡೆಗಳೂ ಇವೆ. ಅಂಥದ್ದಾದರೆ ಬೇರೆ ವಿಷಯ ನೋಡಿಕೊಳ್ಳಿ. ನಿಮ್ಮದು ಭೂಗೋಳ ವಿಭಾಗದವರ ಕೋರ್ಸ್. ಮೊದಲ ಬಗೆಯದೇ ಇರಬೇಕು.

ವಿಜ್ಞಾನ ಎಷ್ಟು ಬೇಕು? ಹತ್ತನೇ ತರಗತಿಯದ್ದು ಸಾಕು. ಭೂಮಿಯ ಹೊರಪದರ ಫಲಕಗಳಾಗಿ ಒಡೆದಿದೆ. ನಾವು ಕುಳಿತಿರುವ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತದೆ. ಅಲ್ಲಿ ಹಿಮಾಲಯಕ್ಕೆ ಒತ್ತುತ್ತದೆ. ಸಮುದ್ರದ ಮೇಲಿನ ನೀರು ಸುಮಾರು 26.5 ಡಿಗ್ರಿಗಿಂತ ಬಿಸಿಯಿದ್ದರೆ ಚಂಡಮಾರುತಕ್ಕೆ ಮೇವು ಸಿಗುತ್ತದೆ. ಗುಡ್ಡದ ಮಣ್ಣಿನ ಸಂದಿಯಲ್ಲಿ ನೀರು ತುಂಬಿ ಒತ್ತಡ ಏರಿದರೆ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಕೆಳಗೆ ರಸ್ತೆಗೋ ಮನೆಗೋ ಬುಡ ಕಡಿದಿದ್ದರೆ ಇನ್ನೂ ಬೇಗ ಜಾರುತ್ತದೆ. 2018ರ ಕೊಡಗು, 2024ರ ಜುಲೈ 16ರ ಶಿರೂರು, ಅದೇ ತಿಂಗಳು 30ರ ವಯನಾಡು, ಈ ಮೂರು ಗುಡ್ಡಕುಸಿತಗಳನ್ನೂ ಈ ಎರಡು ಸಾಲು ಇಟ್ಟುಕೊಂಡು ಓದಲು ಶುರು ಮಾಡಬಹುದು. ಇವನ್ನು ಚಿತ್ರ ಬರೆದು ಕಲಿತರೆ ಒಂದು ವಾರದ ಕೆಲಸ. ಭಯ ಬೇಡ.

ಈಗ ಲೆಕ್ಕಕ್ಕೆ ಬರೋಣ.

ಭೂಕಂಪದ ತೀವ್ರತೆ 6, 7, 8 ಎಂದು ಪತ್ರಿಕೆಯಲ್ಲಿ ಓದುತ್ತೀರಿ. ಆರಕ್ಕೂ ಏಳಕ್ಕೂ ಒಂದೇ ಅಂಕಿಯ ವ್ಯತ್ಯಾಸ, ಹಾಗಾಗಿ ಸ್ವಲ್ಪ ಜಾಸ್ತಿ ಅಷ್ಟೇ ಅನಿಸುತ್ತದೆ. ಹಾಗಲ್ಲ. ಒಂದು ಅಂಕಿ ಏರಿದರೆ ನೆಲದ ಅಲುಗಾಟ ಹತ್ತು ಪಟ್ಟಾಗುತ್ತದೆ. ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಎರಡು ಅಂಕಿ ಏರಿದರೆ ಸುಮಾರು ಸಾವಿರ ಪಟ್ಟು. ಚಕ್ರಬಡ್ಡಿ ಗೊತ್ತಿದ್ದವರಿಗೆ ಇದು ಹೊಸದೇನೂ ಅಲ್ಲ, ಅಲ್ವಾ? ಕೂಡುವ ಜಾಗದಲ್ಲಿ ಗುಣಿಸಬೇಕು, ಅಷ್ಟೇ.

ಇದನ್ನು ನಿಜವಾದ ಎರಡು ಘಟನೆಗೆ ಹಚ್ಚಿ ನೋಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಸುತ್ತ ಆದ ಭೂಕಂಪದ ತೀವ್ರತೆ 6.2. ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಆ ರಾತ್ರಿ ಇನ್ನೂ ನೆನಪಿದೆ. 2001ರ ಜನವರಿ 26ರ ಭುಜ್ ಭೂಕಂಪ 7.7. ವ್ಯತ್ಯಾಸ ಒಂದೂವರೆ ಅಂಕಿ. ಪೂರ್ತಿ ಒಂದು ಅಂಕಿಗೆ 32, ಅರ್ಧ ಅಂಕಿಗೆ ಸುಮಾರು 5.6, ಗುಣಿಸಿದರೆ ಸುಮಾರು 180. ಅಂದರೆ ಕಿಲ್ಲಾರಿಗಿಂತ 180 ಪಟ್ಟು ಶಕ್ತಿ ಭುಜ್‌ನಲ್ಲಿ ಹೊರಬಿತ್ತು. ಹಾಗಾದರೆ ಸಾವೂ 180 ಪಟ್ಟು ಇರಬೇಕಿತ್ತು. ಇಲ್ಲ. ಲಾತೂರಿನಲ್ಲಿ 8,000ದಿಂದ 10,000 ಜನ ಸತ್ತರು. ಗುಜರಾತಿನಲ್ಲಿ ಸರ್ಕಾರದ ಲೆಕ್ಕದಲ್ಲಿ 13,800ಕ್ಕೂ ಹೆಚ್ಚು.

ಯಾಕೆ ಹೀಗೆ? ಕಿಲ್ಲಾರಿಯ ಮನೆಗಳ ಗೋಡೆ ದಪ್ಪ ಕಲ್ಲಿನವು. ಕಲ್ಲಿನ ನಡುವೆ ಕೆಸರು ಮಣ್ಣು. ಮೇಲೆ ಬಿಸಿಲಿಗೆ ತಂಪಾಗಿರಲೆಂದು ಹೇರಿದ ಮಣ್ಣಿನ ಭಾರ. ಬೇಸಿಗೆಗೆ ಒಳ್ಳೆಯ ಮನೆ, ಅಲುಗಾಟಕ್ಕೆ ಕೆಟ್ಟ ಮನೆ. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಜನ ಗಾಢ ನಿದ್ದೆಯಲ್ಲಿದ್ದರು. ಅದಕ್ಕಿಂತ ದೊಡ್ಡ ಮಾತು ಒಂದಿದೆ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಎಲ್ಲಕ್ಕಿಂತ ಸುರಕ್ಷಿತ ಎನಿಸಿದ ಒಂದನೇ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಅಪಾಯವೇ ಇಲ್ಲದ ಜಾಗ ಎಂದು ಬರೆಯಲು ಧೈರ್ಯ ಉಳಿಯಲಿಲ್ಲ.

ಇದಕ್ಕಿಂತ ಎದ್ದು ಕಾಣುವ ಜೋಡಿ 2010ರದ್ದು. ಜನವರಿಯಲ್ಲಿ ಹೈಟಿಯಲ್ಲಿ 7.0. ಫೆಬ್ರುವರಿಯಲ್ಲಿ ಚಿಲಿಯಲ್ಲಿ 8.8. ಚಿಲಿಯದ್ದು ಸುಮಾರು 500 ಪಟ್ಟು ಹೆಚ್ಚು ಶಕ್ತಿಯದ್ದು. ಚಿಲಿಯಲ್ಲಿ ಸತ್ತವರು ಐನೂರರ ಆಸುಪಾಸು. ಹೈಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಚಿಲಿ ದೊಡ್ಡ ಭೂಕಂಪಗಳನ್ನು ಮತ್ತೆ ಮತ್ತೆ ಕಂಡ ದೇಶ. ಅಲ್ಲಿ ಕಟ್ಟಡದ ನಿಯಮ ಇತ್ತು, ಅದು ಪಾಲನೆಯೂ ಆಗುತ್ತಿತ್ತು. ಹೈಟಿಯಲ್ಲಿ ಭೂಕಂಪದ ಕೇಂದ್ರ ರಾಜಧಾನಿಗೆ ತೀರಾ ಹತ್ತಿರದಲ್ಲೇ ಇತ್ತು, ಕಟ್ಟಡಗಳು ದುರ್ಬಲವಾಗಿದ್ದವು. ಪರೀಕ್ಷೆಯಲ್ಲಿ ‘ಭೂಕಂಪದ ಪರಿಣಾಮಗಳು’ ಎಂದು ಹತ್ತು ಅಂಶ ಬರೆಯುವ ಬದಲು ಈ ಜೋಡಿಯನ್ನು ಲೆಕ್ಕದೊಂದಿಗೆ ಬರೆಯಿರಿ. ಪತ್ರಿಕೆ ತಿದ್ದುವವರು ಒಮ್ಮೆ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ.

ಎರಡನೆಯ ಲೆಕ್ಕ ನೆರೆಯದ್ದು. ನನ್ನ ಮಟ್ಟಿಗೆ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಬೆಲೆಬಾಳುವ ಪಾಠ ಇಲ್ಲ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತು ಕೇಳಿರುತ್ತೀರಿ. ಹೋದ ವರ್ಷ ಬಂದು ಹೋಯಿತು, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೇ ಬರೋದು ಎಂದು ಜನ ನೆಮ್ಮದಿಯಾಗುತ್ತಾರೆ. ಅದರ ಅರ್ಥ ಅದಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಂಭವ ಶೇ 1 ಎಂದರ್ಥ. ಹೋದ ವರ್ಷ ಬಂದದ್ದನ್ನು ನದಿ ನೆನಪಿಟ್ಟುಕೊಳ್ಳುವುದಿಲ್ಲ. ಈ ವರ್ಷವೂ ಶೇ 1. ಮುಂದಿನ ವರ್ಷವೂ ಶೇ 1.

ಶೇ 1 ಅಂದರೆ ಲೆಕ್ಕಕ್ಕಿಲ್ಲ ಅನಿಸಿತೇ? ಕ್ಯಾಲ್ಕುಲೇಟರ್ ತಗೊಳ್ಳಿ. ಒಂದು ವರ್ಷ ನೆರೆ ಬರದೇ ಇರುವ ಸಂಭವ 0.99. ಇಪ್ಪತ್ತು ವರ್ಷ ಸತತವಾಗಿ ಬರದೇ ಇರಬೇಕಾದರೆ 0.99ನ್ನು ಇಪ್ಪತ್ತು ಸಲ ಗುಣಿಸಬೇಕು. 0.82 ಬರುತ್ತದೆ. ಅಂದರೆ ಇಪ್ಪತ್ತು ವರ್ಷದ ಗೃಹಸಾಲ ತೀರುವುದರೊಳಗೆ ಆ ಮನೆಗೆ ಒಮ್ಮೆಯಾದರೂ ನೀರು ನುಗ್ಗುವ ಸಂಭವ ಶೇ 18. ಆರು ಮನೆಗೆ ಒಂದು ಅಂದುಕೊಳ್ಳಿ. ಮೂವತ್ತು ವರ್ಷಕ್ಕೆ ಶೇ 26. ಎಪ್ಪತ್ತು ವರ್ಷ ಬದುಕಿದವರಿಗೆ ಅರ್ಧಕ್ಕರ್ಧ. ಅಣ್ಣನಿಗೆ ಇದನ್ನು ತೋರಿಸಿ. ನದಿ ದಂಡೆಯ ಲೇಔಟಿನಲ್ಲಿ ಸೈಟು ಅಡ ಇಟ್ಟುಕೊಂಡು ಸಾಲ ಕೊಡುವ ಬ್ಯಾಂಕಿನ ಅಧಿಕಾರಿಗೆ ಈ ಶೇ 18 ಗೊತ್ತಿರಬೇಕೋ ಬೇಡವೋ?

ಇನ್ನೂ ಒಂದು ಸೂಕ್ಷ್ಮ ಇದೆ. ಆ ಶೇ 1 ಹಳೆಯ ದಾಖಲೆಯ ಮೇಲೆ ನಿಂತ ಅಂಕಿ. ನದಿಯ ಅಳತೆ ಇಟ್ಟಿರುವುದೇ ಐವತ್ತೋ ಅರವತ್ತೋ ವರ್ಷವಾದರೆ, ನೂರು ವರ್ಷದ ನೆರೆ ಎಂಬುದೂ ಅಂದಾಜೇ. ಮೇಲಾಗಿ ನೆಲ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕೆರೆ ಮುಚ್ಚಿದರೆ, ರಾಜಕಾಲುವೆ ಕಿರಿದು ಮಾಡಿದರೆ, ಅಷ್ಟೇ ಮಳೆಗೆ ಮೊದಲಿಗಿಂತ ಎತ್ತರಕ್ಕೆ ನೀರು ಏರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು ಕಡೆ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ಜನರ ಚಿತ್ರ ನೋಡಿದ್ದೀರಲ್ಲ. ಮಳೆ ಜೋರಾಗಿತ್ತು, ಸರಿ. ಆದರೆ ನೀರು ಹರಿದು ಹೋಗಬೇಕಾದ ದಾರಿಯಲ್ಲಿ ಬಡಾವಣೆಗಳಿದ್ದವು. ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಅಷ್ಟು ನೀರು ಎಲ್ಲಿಗಾದರೂ ಹೋಗಲೇಬೇಕು.

ಈಗ ಗೆಳತಿಯರ ‘ನ್ಯೂಸ್ ನೋಡಿದ್ರೆ ಸಾಕು’ ಎಂಬ ಮಾತು. ಸುದ್ದಿಯಲ್ಲಿ ಬರುವ ಅರ್ಧ ವಿಷಯವನ್ನು ಅನುಮಾನದಿಂದ ನೋಡುವುದನ್ನೇ ಈ ಕೋರ್ಸು ಕಲಿಸುತ್ತದೆ. ಮುಖ್ಯವಾಗಿ ಮುನ್ಸೂಚನೆಯ ವಿಚಾರದಲ್ಲಿ. ‘ಇಂಥ ತಾರೀಕು ದೊಡ್ಡ ಭೂಕಂಪ ಆಗುತ್ತೆ, ಎಲ್ಲರಿಗೂ ಕಳಿಸಿ’ ಎಂಬ ವಾಟ್ಸಾಪ್ ಸಂದೇಶ ವರ್ಷಕ್ಕೆ ಒಂದಾದರೂ ಬರುತ್ತದೆ. ದಿನ, ಜಾಗ, ತೀವ್ರತೆ ಮೂರನ್ನೂ ಮೊದಲೇ ಹೇಳಬಲ್ಲವರು ಜಗತ್ತಿನಲ್ಲಿ ಇವತ್ತಿಗೂ ಯಾರೂ ಇಲ್ಲ.

ಪ್ರಯತ್ನ ನಡೆದಿಲ್ಲ ಎಂದಲ್ಲ. 1975ರ ಫೆಬ್ರುವರಿಯಲ್ಲಿ ಚೀನಾದ ಹೈಚೆಂಗ್‌ನಲ್ಲಿ ಸಣ್ಣ ಸಣ್ಣ ಕಂಪನ ಸಾಲಾಗಿ ಆದವು. ಜನರನ್ನು ಮನೆಯಿಂದ ಹೊರಗೆ ಕಳಿಸಿದರು. ದೊಡ್ಡದು ಬಂತು. ಬಹಳ ಜನ ಉಳಿದರು. ಭೂಕಂಪ ಗೆದ್ದೆವು ಎಂದು ಸಂಭ್ರಮ. ಮರುವರ್ಷ ಜುಲೈ 28ರಂದು ತಾಂಗ್‌ಶಾನ್‌ನಲ್ಲಿ ಅಂಥ ಸೂಚನೆ ಯಾವುದೂ ಸಿಗಲಿಲ್ಲ. ಸರ್ಕಾರದ ಲೆಕ್ಕದಲ್ಲೇ 2.42 ಲಕ್ಷ ಜನ ಸತ್ತರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್‌ಫೀಲ್ಡ್ ಎಂಬ ಸಣ್ಣ ಊರಿದೆ. ಅಲ್ಲಿ ಸುಮಾರು 22 ವರ್ಷಕ್ಕೊಮ್ಮೆ 6ರ ಆಸುಪಾಸಿನ ಭೂಕಂಪ ಆಗುತ್ತಿತ್ತು. 1993ರೊಳಗೆ ಮುಂದಿನದು ಬರುತ್ತದೆ ಎಂದು ವಿಜ್ಞಾನಿಗಳು ನೆಲದ ತುಂಬ ಉಪಕರಣ ಹೂಳಿ ಕಾದರು. ಬಂದದ್ದು 2004ರಲ್ಲಿ. ಅದೂ ಹೇಳದೇ ಕೇಳದೇ.

ಇಟಲಿಯ ಲಾಕ್ವಿಲಾದ ಕತೆ ಇನ್ನೂ ಕಷ್ಟದ್ದು. 2009ರ ಏಪ್ರಿಲ್ 6ರಂದು 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಸಣ್ಣ ಕಂಪನಗಳಿದ್ದವು. ಭಯಪಡಬೇಡಿ ಎಂಬ ಧಾಟಿಯ ಮಾತು ಅಧಿಕಾರಿಗಳ ಕಡೆಯಿಂದ ಜನರಿಗೆ ತಲುಪಿತ್ತು. 2012ರಲ್ಲಿ ನ್ಯಾಯಾಲಯ ಆರು ವಿಜ್ಞಾನಿಗಳಿಗೂ ಒಬ್ಬ ಅಧಿಕಾರಿಗೂ ಶಿಕ್ಷೆ ವಿಧಿಸಿತು. 2014ರಲ್ಲಿ ವಿಜ್ಞಾನಿಗಳು ಖುಲಾಸೆಯಾದರು. ತರಗತಿಯಲ್ಲಿ ಇದನ್ನು ಚರ್ಚೆಗೆ ಇಟ್ಟರೆ ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಜನರಿಗೆ ಹೇಗೆ ಹೇಳಬೇಕು? ಅದಕ್ಕೆ ಸೂತ್ರವಿಲ್ಲ.

ನಮ್ಮ ಹತ್ತಿರವೇ ಒಂದು ಉದಾಹರಣೆ ಇದೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ನೆಲ ನಡುಗಿತು. ಜನ ರಾತ್ರಿ ಹೊರಗೆ ಮಲಗಿದರು, ಕೆಲವರು ಊರು ಬಿಟ್ಟರು. ದೊಡ್ಡ ಕಂಪನವೂ 4ರ ಆಸುಪಾಸಿನದ್ದೇ. ಕಿಲ್ಲಾರಿಯದ್ದು ಅದಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ಶಕ್ತಿಯದ್ದು. ಹಾಗಂತ ಹೆದರಿದವರನ್ನು ನಗಲು ಬರುತ್ತದೆಯೇ? ಕಿಲ್ಲಾರಿ ಅಲ್ಲಿಗೆ ಅಷ್ಟೇನೂ ದೂರವಿಲ್ಲ, ಮನೆಗಳೂ ಅದೇ ಕಲ್ಲುಮಣ್ಣಿನವು.

ಭೂಕಂಪದಲ್ಲಿ ಹೀಗಾದರೆ ಚಂಡಮಾರುತದ ಕತೆ ಪೂರ್ತಿ ಬೇರೆ. ಅದನ್ನು ದಿನಗಟ್ಟಲೆ ಮೊದಲೇ ಉಪಗ್ರಹದಲ್ಲಿ ನೋಡಬಹುದು. 1999ರ ಅಕ್ಟೋಬರ್ 29ರ ಒಡಿಶಾದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. ಆ ವರ್ಷವೇ ಒಡಿಶಾ ತನ್ನದೇ ವಿಪತ್ತು ಪ್ರಾಧಿಕಾರ ಮಾಡಿಕೊಂಡಿತು. ದೇಶಕ್ಕೆ ಕಾಯ್ದೆ ಬಂದದ್ದು ಆರು ವರ್ಷ ತಡವಾಗಿ, 2004ರ ಸುನಾಮಿ ಆದಮೇಲೆ. 2013ರ ಫೈಲಿನ್‌ಗೂ 2019ರ ಫಾನಿಗೂ ಲಕ್ಷಗಟ್ಟಲೆ ಜನರನ್ನು ಮೊದಲೇ ಸ್ಥಳಾಂತರಿಸಿದರು. ಎರಡರಲ್ಲೂ ಒಡಿಶಾದ ಸಾವು ನೂರರೊಳಗೇ ನಿಂತಿತು. ಆದರೆ ಮನೆ, ತೆಂಗು, ಕರೆಂಟ್ ಕಂಬ ಉಳಿಯಲಿಲ್ಲ. ಜೀವ ಉಳಿಸುವ ವಿದ್ಯೆ ಕಲಿತಿದ್ದೇವೆ, ಆಸ್ತಿ ಉಳಿಸುವುದನ್ನು ಇನ್ನೂ ಕಲಿತಿಲ್ಲ. ನಿಮ್ಮ ಕಾಮರ್ಸ್ ಕಣ್ಣಿಗೆ ಬೀಳಬೇಕಾದ ಸಾಲು ಇದು.

ಸುನಾಮಿಯದ್ದು ಎರಡರ ನಡುವಿನ ಸ್ಥಿತಿ. ಭೂಕಂಪ ಯಾವಾಗ ಎಂದು ಗೊತ್ತಾಗುವುದಿಲ್ಲ. ಆದರೆ ಆದಮೇಲೆ ಅಲೆ ಬರಲು ಹೊತ್ತು ಬೇಕು. ನಾಲ್ಕು ಕಿಲೋಮೀಟರ್ ಆಳದ ಕಡಲಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ತಮಿಳುನಾಡಿನ ಕರಾವಳಿಗೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಆ ಎರಡು ಗಂಟೆಯನ್ನು ಬಳಸುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಹೈದರಾಬಾದಿನ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಎಚ್ಚರಿಕೆ ಇದ್ದೂ ಕೆಟ್ಟದ್ದಕ್ಕೆ ಕೊಲಂಬಿಯಾದ ಅರ್ಮೆರೋ ನೋಡಿ. 1985ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿಯ ಅಪಾಯದ ನಕ್ಷೆ ಪ್ರಕಟಿಸಿದರು. ಕೆಸರಿನ ಪ್ರವಾಹದ ದಾರಿಯಲ್ಲಿ ಅರ್ಮೆರೋ ಊರು ಸ್ಪಷ್ಟವಾಗಿತ್ತು. ನವೆಂಬರ್ 13ರ ರಾತ್ರಿ ಜ್ವಾಲಾಮುಖಿ ಸಿಡಿಯಿತು. ಹಿಮ ಕರಗಿ ಕೆಸರಾಗಿ ಊರು ಮುಟ್ಟಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಸ್ಥಳಾಂತರದ ಆದೇಶ ಜನರಿಗೆ ತಲುಪಲಿಲ್ಲ. ಸುಮಾರು 23,000 ಜನ ಹೋದರು. ಜ್ವಾಲಾಮುಖಿಯ ಪಾಠ ಕನ್ನಡದವರಿಗೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ. ಉಳಿದಂತೆ ಜ್ವಾಲಾಮುಖಿಯ ಬಗೆಗಳ ಚಿತ್ರಗಳನ್ನು ಪರೀಕ್ಷೆಗೆ ಬೇಕಾದಷ್ಟು ಕಲಿತು ಮುಂದೆ ಹೋಗಿ. ಭಾರತದಲ್ಲಿ ಜೀವಂತ ಇರುವುದು ಅಂಡಮಾನಿನ ಬ್ಯಾರನ್ ದ್ವೀಪ ಒಂದೇ, ಅಲ್ಲಿ ಜನವಸತಿಯೂ ಇಲ್ಲ.

ಪಠ್ಯದಲ್ಲಿ ಬರಕ್ಕೆ ಸಿಗುವ ಜಾಗ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಭೂಕಂಪಕ್ಕೆ ಇಪ್ಪತ್ತು ಪುಟ, ಬರಕ್ಕೆ ಎರಡು. ಬರಕ್ಕೆ ಸದ್ದಿಲ್ಲ, ಚಿತ್ರ ತೆಗೆಯಲು ಏನೂ ಬಿದ್ದಿರುವುದಿಲ್ಲ, ಅದಕ್ಕೇ ಇರಬೇಕು. ನಮ್ಮ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ವಿಕೋಪ ಯಾವುದಿದೆ? 2023ರಲ್ಲಿ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಳಿದ್ದು 18,000 ಕೋಟಿ ರೂಪಾಯಿಗೂ ಹೆಚ್ಚು. 2024ರ ಏಪ್ರಿಲಿನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಈ ಎರಡು ಅಂಕಿಗಳ ನಡುವಿನ ಅಂತರ ಎಲ್ಲಿಂದ ಬಂತು ಎಂದು ಹುಡುಕಿದರೆ ಅದೇ ಒಂದು ಒಳ್ಳೆಯ ಪ್ರಬಂಧ. ಇನ್ನು 2009. ಆ ವರ್ಷ ದೇಶದ ಮುಂಗಾರು ಶೇ 22ರಷ್ಟು ಕಡಿಮೆ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಊರಿಗೆ ಊರೇ ಮುಳುಗಿದವು. ಬರ, ನೆರೆ ಬೇರೆ ಬೇರೆ ಅಧ್ಯಾಯದಲ್ಲಿ ಇರುತ್ತವೆ, ಆದರೆ ಒಂದೇ ಹೊಲಕ್ಕೆ ಒಂದೇ ವರ್ಷ ಎರಡೂ ಬರುತ್ತವೆ. ವರದಾ, ತುಂಗಭದ್ರಾ ದಂಡೆಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣ್ಣನ ಪ್ರಶ್ನೆಗೆ ನೇರ ಉತ್ತರ: ಈ ಒಂದು ಪೇಪರ್ ಓದಿದ್ದಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ಆದರೆ ಬ್ಯಾಂಕು, ವಿಮೆ, ಸಹಕಾರ ಸಂಘ ಎಲ್ಲಿಗೆ ಹೋದರೂ ಈ ವಿಷಯ ನಿಮ್ಮ ಮೇಜಿಗೆ ಬರುತ್ತದೆ. ಫಸಲ್ ಬಿಮಾ ಯೋಜನೆಯನ್ನೇ ತಗೊಳ್ಳಿ. ಮುಂಗಾರು ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಇದು ಎಲ್ಲರಿಗೂ ಗೊತ್ತು. ಪರಿಹಾರ ಹೇಗೆ ಲೆಕ್ಕ ಹಾಕುತ್ತಾರೆ? ಕಳೆದ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷದ ಸರಾಸರಿ ಇಳುವರಿ ಹಿಡಿದು, ಅದಕ್ಕೆ ನಿಗದಿಯಾದ ಶೇಕಡಾವಾರು ಹಚ್ಚಿ ಒಂದು ಮಿತಿ ಮಾಡುತ್ತಾರೆ. ಆ ಮಿತಿ ಹೆಕ್ಟೇರಿಗೆ 20 ಕ್ವಿಂಟಲ್ ಎಂದುಕೊಳ್ಳಿ. ಆಯ್ದ ಜಾಗದ ಬೆಳೆ ಕೊಯ್ದು ತೂಗಿ ನೋಡುವ ಬೆಳೆ ಕಟಾವು ಪ್ರಯೋಗದಲ್ಲಿ 12 ಬಂತು. ಕೊರತೆ ಶೇ 40. ವಿಮಾ ಮೊತ್ತ 50,000 ಇದ್ದರೆ 20,000 ರೂಪಾಯಿ.

ಈಗ ಮಜಾ ನೋಡಿ. ಆ 12 ಕ್ವಿಂಟಲ್ ನಿಮ್ಮ ಹೊಲದ್ದಲ್ಲ. ಇಡೀ ವಿಮಾ ಘಟಕದ ಸರಾಸರಿ, ಮುಖ್ಯ ಬೆಳೆಗಳಿಗೆ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯದ್ದು. ಹಳ್ಳದ ಪಕ್ಕದ ನಾಲ್ಕು ಹೊಲ ಕೊಚ್ಚಿಹೋಗಿ ಪಂಚಾಯಿತಿಯ ಉಳಿದ ಹೊಲ ಚೆನ್ನಾಗಿ ಬೆಳೆದರೆ, ಸರಾಸರಿ ಮಿತಿಗಿಂತ ಮೇಲೇ ಉಳಿಯಬಹುದು. ಆಗ ಈ ಲೆಕ್ಕದಲ್ಲಿ ಆ ನಾಲ್ವರಿಗೆ ಏನೂ ಇಲ್ಲ. ಹೊಲ ಮುಳುಗಿದಾಗ, ಆಲಿಕಲ್ಲು ಬಿದ್ದಾಗ ಬೇರೆಯಾಗಿ ಅರ್ಜಿ ಹಾಕುವ ದಾರಿ ಇದೆ, ಅದಕ್ಕೆ ಗಡುವು ಬಿಗಿ. ‘ವಿಮೆ ಕಟ್ಟಿದ್ರೂ ದುಡ್ಡು ಬರಲಿಲ್ಲ’ ಎಂದು ಊರಲ್ಲಿ ಕೇಳುವ ದೂರುಗಳಲ್ಲಿ ಹಲವಕ್ಕೆ ಬೇರು ಇಲ್ಲಿದೆ. ಸರ್ಕಾರದ ಪರಿಹಾರಕ್ಕೆ ಮತ್ತೆ ಬೇರೆ ಅಳತೆ. ಬೆಳೆ ಹಾನಿ ಶೇ 33 ದಾಟಬೇಕು. 2022ರಲ್ಲಿ ನಿಗದಿಯಾದ ಕೇಂದ್ರದ ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಇಂಥ ಲೆಕ್ಕ ಬಿಡಿಸಿ ರೈತರಿಗೆ ಹೇಳಬಲ್ಲ ಬ್ಯಾಂಕಿನವರು ಎಷ್ಟು ಜನ ಸಿಗುತ್ತಾರೆ ಹೇಳಿ.

ವಿಮಾ ಕಂಪನಿಗೇ ವಿಮೆ ಕೊಡುವ ಕಂಪನಿಗಳಿವೆ. ದೊಡ್ಡವುಗಳಲ್ಲಿ ಒಂದಾದ ಸ್ವಿಸ್ ರೀ ಹುಟ್ಟಿದ್ದು 1863ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಸ್ವಿಟ್ಜರ್ಲೆಂಡಿನ ಗ್ಲಾರುಸ್ ಎಂಬ ಊರು ಬೆಂಕಿಗೆ ಸಿಕ್ಕಿ ಬಹುಪಾಲು ಸುಟ್ಟುಹೋಗಿತ್ತು. ಸ್ಥಳೀಯ ವಿಮೆಯ ದುಡ್ಡು ನಷ್ಟಕ್ಕೆ ಸಾಲಲಿಲ್ಲ. ನಮ್ಮಲ್ಲಿ ಆ ಕೆಲಸ ಮಾಡುವುದು ಮುಂಬೈಯ ಜಿಐಸಿ ರೀ. ಇಂಥ ಕಡೆ ಭೂವಿಜ್ಞಾನ ಓದಿದವರೂ ಲೆಕ್ಕ ಓದಿದವರೂ ಒಂದೇ ಮೇಜಿನಲ್ಲಿ ಕೂರುತ್ತಾರೆ. ಸುಮ್ನೆ ತಲೆಯಲ್ಲಿಟ್ಟುಕೊಳ್ಳಿ.

ಓದುವುದು ಹೇಗೆ ಅನ್ನುವುದಕ್ಕೆ ಜಾಸ್ತಿ ಹೇಳುವುದಿಲ್ಲ. ನೋಟ್ಸು ಉರು ಹೊಡೆಯುವ ಬದಲು ದಿನಾ ಹತ್ತು ನಿಮಿಷ ನಿಜವಾದ ಅಂಕಿ ನೋಡಿ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು. ಅದು ಹೋಬಳಿ, ಪಂಚಾಯಿತಿ ಮಟ್ಟದ ಮಳೆ ಅಳತೆ ಕೊಡುತ್ತದೆ. ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನು ಓದಲು ಕಲಿಯಿರಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮಕ್ಕಿಳಿಯಿರಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ‘ಭಾರೀ ಮಳೆ’, 115.6ರಿಂದ ‘ಅತಿ ಭಾರೀ’, 204.4 ದಾಟಿದರೆ ಅದಕ್ಕೂ ಮೇಲಿನದು. ಟಿವಿಯಲ್ಲಿ ಎಲ್ಲ ಮಳೆಯೂ ‘ಮಹಾಮಳೆ’. ಈ ಅಂಕಿ ಗೊತ್ತಿದ್ದರೆ ನಿಮಗೆ ವ್ಯತ್ಯಾಸ ತಿಳಿಯುತ್ತದೆ. ಸಿಡಿಲಿಗೆ ಪುಣೆಯ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಇದೆ. ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಪಠ್ಯದಲ್ಲಿ ಅದಕ್ಕೆ ಅರ್ಧ ಪುಟ ಸಿಕ್ಕರೆ ಪುಣ್ಯ.

ಕಿರು ಪ್ರಾಜೆಕ್ಟ್ ಕೇಳಿದರೆ ಹಾವೇರಿಯನ್ನೇ ಆರಿಸಿ. ವರದಾ ನದಿ ದಂಡೆಯ ಒಂದು ಊರು ಹಿಡಿಯಿರಿ. 2009, 2019ರಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು ಹಿರಿಯರನ್ನು ಕೇಳಿ. ಗೋಡೆಯಲ್ಲಿ ಗುರುತಿದ್ದರೆ ಟೇಪಿನಿಂದ ಅಳೆಯಿರಿ. ಯಾವ ಮನೆಗೆ ಪರಿಹಾರ ಬಂತು, ಯಾವುದಕ್ಕೆ ಬರಲಿಲ್ಲ, ಬಾಡಿಗೆಗಿದ್ದವರಿಗೆ ಏನಾಯಿತು ಎಂದು ಬರೆದುಕೊಳ್ಳಿ. ಹೆಸರು ಬೇಡ, ಮನೆಗೆ ಒಂದು ನಂಬರು ಸಾಕು. ಈ ಕೆಲಸವನ್ನು ಬೇಸಿಗೆಯಲ್ಲಿ ಮಾಡಿ. ನೆರೆ ಬಂದಾಗ ಫೋಟೋಗೆಂದು ಸೇತುವೆ ಮೇಲೆ ನಿಲ್ಲುವುದು, ಮಳೆಗಾಲದಲ್ಲಿ ಕುಸಿದ ಗುಡ್ಡದ ಕೆಳಗೆ ಹೋಗುವುದು ಖಂಡಿತ ಬೇಡ. ಒಮ್ಮೆ ಜಾರಿದ ಇಳಿಜಾರು ಮತ್ತೆ ಜಾರಬಹುದು.

ಕೊನೆಗೆ ಎರಡು ವಿಷಯ ವಿಚಾರಿಸಿಕೊಳ್ಳಿ. ಆಯ್ಕೆ ಬದಲಿಸಲು ಎಷ್ಟು ದಿನ ಅವಕಾಶ ಕೊಡುತ್ತಾರೆ ಎಂದು ಕಾಲೇಜು ಆಫೀಸಿನಲ್ಲಿ ಕೇಳಿ. ಇಂಟರ್ನಲ್ ಅಂಕಕ್ಕೆ ಪ್ರಾಜೆಕ್ಟ್ ಇದೆಯೋ, ಬರೀ ಟೆಸ್ಟೋ ಎಂದು ಪಾಠ ಮಾಡುವವರನ್ನೇ ಕೇಳಿ. ಪ್ರಾಜೆಕ್ಟ್ ಇದ್ದರೆ ಕಣ್ಣುಮುಚ್ಚಿ ಸೇರಿ. ಬರೀ ಟೆಸ್ಟ್ ಆಗಿದ್ದರೆ ಮೊದಲ ಎರಡು ಕ್ಲಾಸಿಗೆ ಕುಳಿತು ನೋಡಿ. ಮೇಷ್ಟ್ರು ಬೋರ್ಡಿನ ಮೇಲೆ ಒಂದಾದರೂ ಲೆಕ್ಕ ಬಿಡಿಸಿದರೆ ಅಲ್ಲೇ ಉಳಿಯಿರಿ.